ಹಗ್ಗ ಬಿಟ್ಟವನ ಕೂಗು

ಉಡಚಪ್ಪನಿಗೆ ಮುಕಾದಮನ ಕೆಲಸ ಸಿಕ್ಕ ದಿನವೇ ಅವನ ಬಾಯಿ ಕಟ್ಟಿಹೋಯಿತು. ಅದು ೧೯೫೩ನೇ ಇಸವಿ, ಸುಗ್ಗಿ ಮುಗಿದ ದಿನಗಳು. ರೋಣದಿಂದ ಗಜೇಂದ್ರಗಡದ ಕಡೆಗೆ ಒಡೆದ ಖಡಿಕಲ್ಲು ಹಾಸಿ ರಸ್ತೆ ಮಾಡುವ ಹದಿನಾಲ್ಕು ಜನರ ಗ್ಯಾಂಗಿಗೆ ಅವನನ್ನು ಮೇಲಾಳು ಮಾಡಿದರು. ಓವರಸೀಯರು ಒಂದು ಖಾಕಿ ಕೋಟು, ಒಂದು ಕರಿ ಕೊಡೆ, ಒಂದು ಹಾಜರಿ ಪುಸ್ತಕ ಕೈಗೆ ಕೊಟ್ಟರು. ಕೋಟಿನ ತೋಳು ಮೊಣಕೈ ದಾಟಿ ನಾಲ್ಕು ಬೆರಳಿಗೇ ನಿಂತಿತ್ತು, ಕೊಡೆಯ ಒಂದು ಕಡ್ಡಿ ಮುರಿದಿತ್ತು. ಆದರೂ ರೋಣದ ಓಣಿಯಲ್ಲಿ ಜನ ಕಟ್ಟೆಯಿಂದ ಎದ್ದು ನಿಂತು ನಮಸ್ಕಾರ ಹಾಕಿದರು. ಅವನು ಆ ದಿನ ಕಳೆದುಕೊಂಡದ್ದೇನೆಂದು ಗೊತ್ತಿದ್ದದ್ದು ಗ್ಯಾಂಗಿನವರಿಗೆ ಮಾತ್ರ.

ಗ್ಯಾಂಗಿನಲ್ಲಿ ಒಂದು ಕಲ್ಲಿನ ಗುಂಡು ಇತ್ತು. ಎದೆಯೆತ್ತರದ್ದು, ನಡುವೆ ಕಬ್ಬಿಣದ ಅಚ್ಚು. ಹಾಸಿದ ಖಡಿಯ ಮೇಲೆ ಅದನ್ನು ಉರುಳಿಸಿದರೇ ರಸ್ತೆ ಗಟ್ಟಿಯಾಗುವುದು. ಬಯಲಿನಲ್ಲಿ ಅದನ್ನು ಎತ್ತುಗಳು ಎಳೆಯುತ್ತಿದ್ದವು. ಏರು ಬಂತೆಂದರೆ, ಪಾಪ, ಎತ್ತಿನ ಕಾಲು ಜಾರೀತು ಎಂದು ಅವುಗಳ ಕೊರಳು ಬಿಚ್ಚಿ ನೆರಳಿಗೆ ಕಟ್ಟಿ, ಮನುಷ್ಯರು ಹಗ್ಗ ಹಿಡಿಯುತ್ತಿದ್ದರು. ಮನುಷ್ಯರ ಕಾಲು ಜಾರುವುದಿಲ್ಲವೆಂದು ಯಾರು ಯಾವಾಗ ಗೊತ್ತುಮಾಡಿದರೋ ತಿಳಿಯದು. ಗುಂಡಿನ ಹಿಂದೆ ಒಬ್ಬ ಮರದ ಬೆಣೆ ಹಿಡಿದು ಬಗ್ಗಿರುತ್ತಿದ್ದ. ಮುಂದಿನವರು ಒಂದು ಮೊಳ ಎಳೆದರೆ ಅವನು ಬೆಣೆಯನ್ನು ಗುಂಡಿನ ಅಡಿಗೆ ತಳ್ಳಬೇಕು. ಆಗ ಅದು ಹಿಂದಕ್ಕೆ ಉರುಳುವುದಿಲ್ಲ, ಎಳೆಯುವವರು ಉಸಿರು ತೆಗೆದುಕೊಳ್ಳಬಹುದು.

ಇಷ್ಟೂ ಜನರನ್ನು ನಡೆಸುವವನು ಕೂಗುಗಾರ. ಅವನ ಜಾಗ ಹಗ್ಗದ ಕೊನೆಯಲ್ಲಿ, ಗುಂಡಿಗೆ ಹತ್ತಿರ. ಅಲ್ಲಿಂದ ಮುಂದಿನವರ ಬೆನ್ನೂ ಕಾಣುತ್ತದೆ, ಹೊರಳಿದರೆ ಬೆಣೆಯವನ ಕೈಕಾಲೂ ಕಾಣುತ್ತದೆ. ಅವನು ಕೂಗಿದರೆ ಎಲ್ಲರೂ “ಐಸಾ” ಎಂದು ಒಂದೇ ಸಲ ಜಗ್ಗಬೇಕು. ಗ್ಯಾಂಗಿನಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇತ್ತು: ಹಗ್ಗ ಹಿಡಿಯದವನು ಕೂಗು ಕೊಡುವಂತಿಲ್ಲ. ಹಿಂದೊಮ್ಮೆ ಸೈಕಲ್ ಮೇಲೆ ಕುಳಿತೇ ಒಬ್ಬ ಸಾಹೇಬರು “ಎಳೀರಿ” ಎಂದು ಗದರಿದ್ದರಂತೆ. ಹನ್ನೆರಡು ಜನ ಹಗ್ಗ ಹಿಡಿದುಕೊಂಡೇ, ಕಿವಿ ಕೇಳಿಸದವರ ಹಾಗೆ ಮೋಡ ನೋಡುತ್ತ ನಿಂತರಂತೆ. ಸಾಹೇಬರು ಸೈಕಲ್ ತಿರುಗಿಸಿಕೊಂಡು ಹೋದ ಮೇಲೆ ಗುಂಡು ಮುಂದೆ ಹೋಯಿತು.

ಹದಿನಾರು ವರ್ಷ ಆ ಹಗ್ಗದ ಕೊನೆಯಲ್ಲಿ ಕೂಗಿದವನು ಉಡಚಪ್ಪ. ಅವನ ಕೂಗಿಗೆ ಒಂದು ಮೆರುಗಿತ್ತು. ಹೊಲದಲ್ಲಿ ಶೇಂಗಾ ಕೀಳುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ಕೇಳುತ್ತಿದ್ದರು. ಆ ಹದಿನಾರೂ ವರ್ಷ ಬೆಣೆ ಹಿಡಿದವನು ಲಕ್ಕಲಕಟ್ಟಿಯ ಕನಕಪ್ಪ. ಇಬ್ಬರೂ ಒಂದೇ ದಿನ ಗ್ಯಾಂಗು ಸೇರಿದವರು, ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿ ತಿಂದವರು. ಉಡಚಪ್ಪನ ಹೆಂಡತಿ ಮಾಯವ್ವ ಸತ್ತ ಮೇಲಂತೂ ಕನಕಪ್ಪನ ಹೆಂಡತಿ ತಿಪ್ಪವ್ವ ನಾಲ್ಕು ರೊಟ್ಟಿ ಹೆಚ್ಚೇ ಬಡಿದು ಕಟ್ಟುತ್ತಿದ್ದಳು. ಮುಕಾದಮನಾದವನು ಕೂಲಿಯವರ ಜೊತೆ ಹಗ್ಗ ಹಿಡಿಯಕೂಡದೆಂದು ಖಾತೆಯ ಹುಕುಂ ಇತ್ತು. ಹಗ್ಗ ಹೋದ ಮೇಲೆ ಕೂಗೂ ಹೋಯಿತು.

ಮೊದಲನೆಯ ವಾರ ಅವನು ಮಧ್ಯಾಹ್ನ ಎಂದಿನಂತೆ ಬೇವಿನ ಮರದಡಿ ಹೋಗಿ ಕುಳಿತ. ಮಾತು ನಿಂತಿತು. ಅವನೂ ಏನೋ ಹೇಳಿ ನಕ್ಕ. ಉಳಿದವರು ಸಾಹೇಬರ ಮಾತಿಗೆ ನಗುವ ಹಾಗೆ ನಕ್ಕರು. ಅವನು ಬರುವ ಮುಂಚೆ ಅಲ್ಲಿ ಆಡುತ್ತಿದ್ದದ್ದು ಅವನ ಮಾತೇ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಎರಡನೆಯ ವಾರದಿಂದ ಅವನು ಕೊಡೆ ಬಿಚ್ಚಿಕೊಂಡು ಹತ್ತಿರ ಸಿಕ್ಕ ಮೈಲಿಗಲ್ಲಿನ ಬಳಿ ಒಬ್ಬನೇ ಉಣ್ಣತೊಡಗಿದ. ಕನಕಪ್ಪ ನಾಲ್ಕು ದಿನ ಅಲ್ಲಿಗೇ ಬಂದು ಕುಳಿತ. ಐದನೆಯ ದಿನ ಯಾರೋ ಅವನನ್ನು ಮುಕಾದಮನ ಬಾಲ ಎಂದು ಆಡಿಕೊಂಡರು. ಆಮೇಲೆ ಕನಕಪ್ಪ ರೊಟ್ಟಿ ಮಾತ್ರ ಕೊಟ್ಟು ಹೋದ, ಕೂತುಕೊಳ್ಳಲಿಲ್ಲ. ಕಣ್ಣೆದುರಿಗೇ ಹದಿನಾಲ್ಕು ಜನ ಇದ್ದೂ ಇಷ್ಟು ಒಬ್ಬಂಟಿಯಾಗಬಹುದೆಂದು ಉಡಚಪ್ಪ ಎಣಿಸಿರಲಿಲ್ಲ. ಮಾಯವ್ವ ಸತ್ತಾಗಲೂ ಮನೆ ಇಷ್ಟು ಬಿಕೋ ಎಂದಿರಲಿಲ್ಲ.

ಕೂಗುವ ಕೆಲಸ ಸಣ್ಣಪ್ಪನ ಪಾಲಿಗೆ ಬಂತು. ಮೂವತ್ತೆರಡರ ಗಂಡಸು, ಮಾತು ಕಡಿಮೆ, ದನಿ ದಪ್ಪ, ಕೂಗು ನಿಧಾನ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದ. ಉಡಚಪ್ಪನಿಗೆ ಅದನ್ನು ಕೇಳಿ ಮೈ ಉರಿಯುತ್ತಿತ್ತು. ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು ನಡೆಯುತ್ತ, ಎದೆಯಿಂದ ಕೂಗು, ಲಗೂ ಲಗೂ ಕೂಗು, ಸತ್ತವರ ಮನೆಗೆ ಬಂದಂತೆ ಕೂಗಬೇಡ ಎಂದು ಎಲ್ಲರ ಮುಂದೆಯೇ ತಿದ್ದುತ್ತಿದ್ದ. ತಿದ್ದಿದಷ್ಟೂ ಸಣ್ಣಪ್ಪನ ದನಿ ಸಣ್ಣಗಾಯಿತು. ಕಲಿಸುತ್ತಿದ್ದೇನೆಂದು ಉಡಚಪ್ಪ ತಿಳಿದಿದ್ದ. ಖರೇ ಹೇಳಬೇಕೆಂದರೆ ಅವನಿಗೆ ಬೇಕಾಗಿದ್ದದ್ದು ತನ್ನದೇ ಕೂಗು ಇನ್ನೊಬ್ಬನ ಬಾಯಿಂದ ಬರುವುದು. ಅದು ಯಾರಿಂದಲೂ ಆಗದ ಕೆಲಸ.

ಎರಡು ವರ್ಷ ಹೀಗೇ ಕಳೆದು ರಸ್ತೆ ಗಜೇಂದ್ರಗಡದ ಗುಡ್ಡದ ಏರಿಗೆ ಬಂದು ಮುಟ್ಟಿತು. ಕಪ್ಪು ಎರೆಮಣ್ಣು ಮುಗಿದು ಕಲ್ಲುಹರಳಿನ ಕೆಂಪು ಗರಸು ಶುರುವಾಗುವ ಜಾಗ. ಐವತ್ತೈದರ ಏಪ್ರಿಲ್ ತಿಂಗಳು, ಕಲ್ಲು ಮುಟ್ಟಿದರೆ ಕೈ ಸುಡುವ ಬಿಸಿಲು. ಮಳೆಗಿಂತ ಮುಂಚೆ ಏರು ಮುಗಿಸದಿದ್ದರೆ ಹಾಸಿದ ಖಡಿಯೆಲ್ಲ ನೀರಿನ ಜೊತೆ ಹಳ್ಳಕ್ಕೆ ಹೋಗುತ್ತದೆಂದು ಓವರಸೀಯರು ದಿನಾ ಬಂದು ಹೇಳುತ್ತಿದ್ದರು. ಉಡಚಪ್ಪ ಏರಿನ ಮೇಲ್ಗಡೆ ಬಂಡೆಯ ಪಕ್ಕ ನಿಂತು ನೋಡುತ್ತಿದ್ದ. ಅಲ್ಲಿಂದ ಹಗ್ಗ ಹಿಡಿದವರ ಮುಖ ಕಾಣುತ್ತಿತ್ತು, ಗುಂಡಿನ ಮೈ ಕಾಣುತ್ತಿತ್ತು. ಗುಂಡಿನ ಹಿಂದೆ ಏನಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಅರ್ಧ ಏರಿದ್ದರು. ಸಣ್ಣಪ್ಪ ಒಂದು ಕೂಗು ಕೊಟ್ಟು ನಿಂತ. ಹಗ್ಗ ಬಿಗಿದು ನಿಂತಿತ್ತು, ಹನ್ನೆರಡು ಜನರ ಹಿಮ್ಮಡಿಗಳು ಗರಸಿನಲ್ಲಿ ಹೂತಿದ್ದವು, ಬೆವರು ಹನಿಹನಿಯಾಗಿ ಬೀಳುತ್ತಿತ್ತು. ಸಣ್ಣಪ್ಪ ಮುಂದಿನ ಕೂಗು ಕೊಡಲಿಲ್ಲ. ಹಗ್ಗದ ಮುಂತುದಿಯಲ್ಲಿದ್ದವನ ಹಿಮ್ಮಡಿ ಜಾರುವುದು ಉಡಚಪ್ಪನಿಗೆ ಕಂಡಿತು. ಇನ್ನೂ ಸಣ್ಣಪ್ಪ ಸುಮ್ಮನಿದ್ದ. ಉಡಚಪ್ಪನ ಗಂಟಲಿನಲ್ಲಿ ಹದಿನಾರು ವರ್ಷದ ಕೂಗು ಕುಳಿತಿತ್ತಲ್ಲ, ಅದು ಅವನನ್ನು ಕೇಳದೆ ಹೊರಗೆ ಬಿತ್ತು.

ಹಳೆಯ ದನಿ, ಹಳೆಯ ಮೆರುಗು. ಹಳಬರು ಏಳು ಜನ ಯೋಚನೆಯಿಲ್ಲದೆ “ಐಸಾ” ಎಂದು ಜಗ್ಗಿದರು. ಹೊಸಬರು ಸಣ್ಣಪ್ಪನ ಬಾಯಿ ನೋಡುತ್ತ ನಿಂತರು. ಗುಂಡು ಒಂದು ಗೇಣು ಮೇಲಕ್ಕೆ ಎದ್ದು, ಬೆಣೆ ಸಡಿಲಾಗಿ, ಅರ್ಧ ಜನರ ಬಲ ಸಾಲದೆ ಹಿಂದಕ್ಕೆ ಬಂತು. ಬೆಣೆ ಗರಸಿನಲ್ಲಿ ಹೊರಳಿದೆಯೆಂದು ಕನಕಪ್ಪ ಅದನ್ನು ಆಗಿನ್ನೂ ಎಡಗಾಲಿನಿಂದ ಒದ್ದು ಸರಿಪಡಿಸುತ್ತಿದ್ದ. ಸಣ್ಣಪ್ಪ ಕಾದದ್ದು ಅದಕ್ಕೆ.

ಪಾದ ಗುಂಡಿನಡಿ ಸಿಕ್ಕ ಕನಕಪ್ಪನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೋದರು. ಪಾದ ಉಳಿಯಲಿಲ್ಲ. ಕಣಕಾಲಿನ ಮೇಲಿಂದ ತೆಗೆದರು.

ಮೂರನೆಯ ದಿನ ಓವರಸೀಯರು ಬಂದು ಗ್ಯಾಂಗನ್ನೆಲ್ಲ ನಿಲ್ಲಿಸಿ ಕೇಳಿದರು, ತಪ್ಪು ಯಾರದ್ದು ಎಂದು. ಕೂಗುಗಾರನದು ಎಂದುಬಿಟ್ಟರೆ ಕಾಗದ ಸಲೀಸಾಗಿ ಮುಂದೆ ಹೋಗುತ್ತಿತ್ತು. ಕೇಳುವವರಿಗೂ ಅದೇ ಬೇಕಿತ್ತು. ಸಣ್ಣಪ್ಪ ತಲೆ ತಗ್ಗಿಸಿ ನಿಂತಿದ್ದ. ಉಡಚಪ್ಪ ಕೊಡೆಯನ್ನು ನೆಲಕ್ಕೆ ಊರಿ ಹೇಳಿದ:

“ನಂದ್ರಿ. ಹಗ್ಗ ಬಿಟ್ಟು ಎರಡು ವರ್ಷ ಆತು, ಕೂಗು ಬಿಟ್ಟಿರಲಿಲ್ಲ.”

ಓವರಸೀಯರು ಲೋಕ ಕಂಡ ಮನುಷ್ಯ. ತಪ್ಪೊಪ್ಪಿಕೊಂಡವನನ್ನು ತೆಗೆದರೆ ಮಳೆಗಾಲಕ್ಕೆ ಮುಂಚೆ ಏರು ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ಕಾಗದದ ಮೇಲೆ ಗುಂಡು ಜಾರಿತು ಎಂದಷ್ಟೇ ಬರೆದುಕೊಂಡರು. ಆಮೇಲೆ ಉಡಚಪ್ಪನನ್ನು ಪಕ್ಕಕ್ಕೆ ಕರೆದು, ಹುಕುಂ ಹಾಳಾಗಲಿ, ಈ ಏರು ಮುಗಿಯುವತನಕ ನೀನೇ ಹಗ್ಗ ಹಿಡಿದು ಕೂಗು, ನಾನು ನೋಡಿಲ್ಲ ಅಂದುಕೊಳ್ಳುತ್ತೇನೆ, ಆ ಸಣ್ಣಪ್ಪನನ್ನು ಖಡಿ ಒಡೆಯಲು ಕಳಿಸು ಎಂದರು. ಹಳಬರೂ ಸಂಜೆಗೆ ಬಂದು ಅದೇ ಹೇಳಿದರು. ಎರಡು ವರ್ಷದಲ್ಲಿ ಮೊದಲನೆಯ ಸಲ ಅವರು ಅವನ ಮೈಲಿಗಲ್ಲಿನ ಬಳಿ ಬಂದು ಕುಳಿತಿದ್ದರು, ಬೀಡಿ ಕೊಟ್ಟಿದ್ದರು, ಬಾ ಮಾರಾಯಾ ಎಂದು ಹೆಗಲ ಮೇಲೆ ಕೈ ಹಾಕಿದ್ದರು.

ಉಡಚಪ್ಪನಿಗೆ ಕಣ್ಣು ತುಂಬಿ ಬಂತು. ಹೂಂ ಎಂದರೆ ಸಾಕು. ಹಗ್ಗ ಸಿಗುತ್ತದೆ, ಕೂಗು ಸಿಗುತ್ತದೆ, ಬೇವಿನ ನೆರಳೂ ಸಿಗುತ್ತದೆ. ಅವನು ಬೀಡಿಯನ್ನು ಕೊನೆಯತನಕ ಎಳೆದ. ತಾನು ಹಗ್ಗ ಹಿಡಿದರೆ ಕನಕಪ್ಪನ ಕಾಲು ತೆಗೆದವನು ಸಣ್ಣಪ್ಪ ಎಂದು ಊರೂರಿಗೆ ಹಬ್ಬುತ್ತದೆ, ಅವನು ಮತ್ತೆಂದೂ ಬಾಯಿ ತೆಗೆಯುವುದಿಲ್ಲ. ಅಷ್ಟು ಲೆಕ್ಕ ಅವನಿಗೆ ಹೊಳೆದಿತ್ತು. ಎದ್ದು, ಖಡಿ ರಾಶಿಯ ಹಿಂದೆ ಒಬ್ಬನೇ ಕುಳಿತಿದ್ದ ಸಣ್ಣಪ್ಪನ ಬಳಿಗೆ ಹೋದ. ಎರಡು ವರ್ಷ ಹೇಳಿದ್ದೇ ಹೇಳಿದ್ದ. ಒಂದು ದಿನವೂ ಏನನ್ನೂ ಕೇಳಿರಲಿಲ್ಲ. ಈಗ ಪಕ್ಕದಲ್ಲಿ ಕುಳಿತು, ಕೂಗಿನ ನಡುವೆ ನೀನು ಯಾಕೆ ಸುಮ್ಮನೆ ನಿಲ್ಲುತ್ತೀ ಎಂದು ಕೇಳಿದ.

ಸಣ್ಣಪ್ಪ ಕಲ್ಲು ಹೆಕ್ಕುತ್ತ ಹೇಳಿದ: “ಹಗ್ಗ ಹೇಳತೈತ್ರಿ. ಬೆಣಿ ಸರಿ ಕುಂತ ಮ್ಯಾಲ ಹಗ್ಗದಾಗಿನ ನಡುಗು ನಿಂದರತೈತಿ. ಅಲ್ಲೀತನಾ ನಾ ತಡೀತೀನ್ರಿ.”

ಹದಿನಾರು ವರ್ಷ ಹಗ್ಗ ಹಿಡಿದಿದ್ದ ಉಡಚಪ್ಪನಿಗೆ ಅದು ಗೊತ್ತಿರಲಿಲ್ಲ. ಅವನು ಕೂಗುತ್ತಿದ್ದದ್ದು ತನ್ನ ಉಸಿರಿನ ಲೆಕ್ಕದ ಮೇಲೆ. ಅವನ ಕೂಗಿಗೆ ತಕ್ಕಂತೆ ಕೈ ಓಡಿಸಿ, ಹದಿನಾರು ವರ್ಷ ಅವನ ಮರ್ಯಾದೆ ಕಾಯ್ದವನು ಹಿಂದೆ ಬಗ್ಗಿದ್ದ ಕನಕಪ್ಪ.

ಮರುದಿನ ಹಗ್ಗ ಬಿಚ್ಚಿ ಹಾಸಿದಾಗ ಬೆಣೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಸಣ್ಣಪ್ಪನ ಕೂಗಿನ ಅಡಿ ಕಾಲು ಇಡುವವರಾರು? ಉಡಚಪ್ಪ ಖಾಕಿ ಕೋಟು ಕಳಚಿ ಬಂಡೆಯ ಮೇಲಿಟ್ಟ, ಅದರ ಮೇಲೆ ಕೊಡೆ ಇಟ್ಟ. ಗುಂಡಿನ ಹಿಂದೆ ಹೋಗಿ ಕನಕಪ್ಪನ ಬೆಣೆ ಎತ್ತಿಕೊಂಡು ಬಗ್ಗಿದ. ಮುಕಾದಮನು ಹಗ್ಗ ಹಿಡಿಯಕೂಡದೆಂದು ಹುಕುಂ ಇತ್ತು; ಬೆಣೆಯ ಮಾತು ಅದರಲ್ಲಿರಲಿಲ್ಲ. ಸಣ್ಣಪ್ಪನಿಗೆ ಅವನು ಹೇಳಿದ್ದು ಇಷ್ಟೇ:

“ನಿನ್ನ ಕೂಗ ನೀ ಕೂಗು. ನನ್ನ ಕಾಲು ನಿನ್ನ ಕೈಯಾಗ ಐತಿ.”

ಬೆಣೆಯ ಜಾಗದಲ್ಲಿ ಯಾರ ಮುಖವೂ ಕಾಣುವುದಿಲ್ಲ. ಎದುರಿಗೆ ಕಲ್ಲು, ಕೆಳಗೆ ಗರಸು. ಮುಂದಿನವರು ನಗುತ್ತಾರೋ ಬಯ್ಯುತ್ತಾರೋ ತಿಳಿಯದು. ಹದಿನಾರು ವರ್ಷ ಕನಕಪ್ಪ ಇಲ್ಲಿ ಒಬ್ಬನೇ ಇದ್ದನೆಂದು ಉಡಚಪ್ಪನಿಗೆ ಆಗ ಅರಿವಾಯಿತು. ಎರಡು ವರ್ಷ ಮೈಲಿಗಲ್ಲಿನ ಬಳಿ ಕುಳಿತು ತಾನೊಬ್ಬನೇ ಒಬ್ಬಂಟಿ ಎಂದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಸಣ್ಣಪ್ಪನ ಮೊದಲ ಕೂಗು ನಡುಗುತ್ತ ಬಂತು. ಗುಂಡು ಒಂದು ಮೊಳ ಏರಿತು. ಉಡಚಪ್ಪ ಬೆಣೆ ತಳ್ಳಿದ, ಅದು ಸರಿಯಾಗಿ ಕೂರಲಿಲ್ಲ, ಕಾಲಿನಿಂದ ಒದ್ದ. ಮೇಲೆ ದನಿ ಇಲ್ಲ. ಕಾಲು ಒಳಗೇ ಇತ್ತು. ಹಾಳು ಗಂಟಲು ಆಗಲೂ ತಡೆಯಲಿಲ್ಲ, ಕೂಗು ಎದ್ದು ಬಂತು. ಅವನು ರುಮಾಲಿನ ತುದಿ ಎಳೆದು ಬಾಯಿಗೆ ತುರುಕಿಕೊಂಡು ಕಚ್ಚಿದ. ಬೆಣೆ ಕುಳಿತಿತು. ಕಾಲು ಹೊರಗೆ ಬಂತು. ಆಗ ಸಣ್ಣಪ್ಪ ಕೂಗಿದ.

ಆ ಏರು ಮುಗಿಯಲು ಹತ್ತೊಂಬತ್ತು ದಿನ ಹಿಡಿಯಿತು. ಹತ್ತೊಂಬತ್ತು ದಿನವೂ ಅವನು ರುಮಾಲು ಕಚ್ಚಿಕೊಂಡೇ ಬೆಣೆ ಕೊಟ್ಟ. ಮುಕಾದಮನ ಕಾಲೇ ಅಡಿಯಲ್ಲಿರುವಾಗ ಹಳಬರು ಬೇರೆ ಯಾರ ಕೂಗಿಗೂ ಕಾಯುವಂತಿರಲಿಲ್ಲ. ಒಂದು ವಾರದಲ್ಲಿ ಅವರ “ಐಸಾ” ಸಣ್ಣಪ್ಪನಿಗೆ ಒಗ್ಗಿತು. ಗುಂಡು ಮೇಲೆ ತಲುಪಿದ ದಿನ ಎಲ್ಲರೂ ಸಣ್ಣಪ್ಪನನ್ನು ಎತ್ತಿ ಕುಣಿದರು. ಉಡಚಪ್ಪ ಕೋಟು ಹಾಕಿಕೊಂಡು ಕೊಡೆ ಹಿಡಿದು ಮೈಲಿಗಲ್ಲಿನ ಬಳಿಗೆ ಹೋದ. ಅವನನ್ನು ಯಾರೂ ಕರೆಯಲಿಲ್ಲ. ಬೇಕೆಂದು ಮಾಡಿದ್ದಲ್ಲ, ಅವರಿಗೆ ಅವನ ನೆನಪಾಗಲಿಲ್ಲ. ಕೆಲಸ ಕಲಿಸಿದವನಿಗೆ ಇದಕ್ಕಿಂತ ಒಳ್ಳೆಯ ಸಂಗತಿ ಇಲ್ಲವೆಂದು ಬಲ್ಲವರು ಹೇಳಬಹುದು. ಅವತ್ತು ಅವನು ಬುತ್ತಿ ಬಿಚ್ಚಲಿಲ್ಲ, ಹಾಗೇ ಮನೆಗೆ ಒಯ್ದ.

ಕನಕಪ್ಪ ಲಕ್ಕಲಕಟ್ಟಿಗೆ ಹೋಗಿ, ರಸ್ತೆಯ ಮಗ್ಗುಲಿನ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬೆಳೆ ಕಾಯುತ್ತ ಕುಳಿತ. ಅಮಾವಾಸ್ಯೆಗೊಮ್ಮೆ ಗ್ಯಾಂಗಿಗೆ ಸೂಟಿ, ಕೆಲಸವಿಲ್ಲ. ಆ ದಿನ ತಪ್ಪದೆ ಉಡಚಪ್ಪ ಅಲ್ಲಿಗೆ ಹೋಗುತ್ತಿದ್ದ. ಕನಕಪ್ಪ ಮಾತನಾಡುತ್ತಿರಲಿಲ್ಲ. ಬಾ ಎನ್ನುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ಹಗ್ಗದ ಹೊರಸಿನ ಮೇಲೆ ತಾನು ಕುಳಿತು ರಸ್ತೆ ನೋಡುತ್ತಿದ್ದ. ಉಡಚಪ್ಪ ನೆಲದ ಮೇಲೆ ಕುಳಿತು ಅದೇ ರಸ್ತೆ ನೋಡುತ್ತಿದ್ದ. ತಿಪ್ಪವ್ವ ಮಾತ್ರ ನೀರು ಕೊಟ್ಟು, ಉಂಡು ಹೋಗ್ರಿ ಎನ್ನುತ್ತಿದ್ದಳು. ಮೊದಲು ಏಕವಚನದಲ್ಲಿ ಬಯ್ಯುತ್ತಿದ್ದವಳು ಈಗ ‘ರಿ’ ಹಚ್ಚಿ ಮಾತನಾಡುತ್ತಿದ್ದಳು. ಆ ಮರ್ಯಾದೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಐವತ್ತಾರರಲ್ಲಿ ರಾಜ್ಯ ಬದಲಾಯಿತು, ಕಚೇರಿಯ ಬೋರ್ಡು ಬದಲಾಯಿತು, ಗುಂಡು ಅದೇ ಉಳಿಯಿತು. ಐವತ್ತೆಂಟರಲ್ಲಿ ಉಡಚಪ್ಪನ ನೌಕರಿ ಮುಗಿಯಿತು. ನಿನ್ನ ಜಾಗಕ್ಕೆ ಯಾರು ಎಂದು ಕೇಳಿದಾಗ ಅವನು ಸಣ್ಣಪ್ಪನ ಹೆಸರು ಹೇಳಲಿಲ್ಲ. ಅವನ ಕೈಯಿಂದ ಹಗ್ಗ ಬಿಡಿಸಬೇಡಿರಿ ಎಂದು ಹೇಳಿ ಕೋಟು, ಕೊಡೆ ಒಪ್ಪಿಸಿ ಬಂದ. ಹಳ್ಳಿಯವರು ಅದನ್ನು ಹೊಟ್ಟೆಕಿಚ್ಚು ಎಂದರು. ಸಣ್ಣಪ್ಪ ಒಂದು ಮುಂಜಾನೆ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಚಲೋ ಮಾಡಿದ್ರಿ ಎಂದು ಹೇಳಿ ಹೋದ.

ಐವತ್ತೊಂಬತ್ತರ ಮಳೆಗೆ ಲಕ್ಕಲಕಟ್ಟಿಯ ಹತ್ತಿರ ಹಳ್ಳದ ಏರು ಕೊಚ್ಚಿಹೋಯಿತು. ಗ್ಯಾಂಗು ಮತ್ತೆ ಖಡಿ ಹಾಸಿ ಗುಂಡು ತಂದಿತು. ಮಳೆಯಲ್ಲಿ ಹಾಳಾದ ದಿನಗಳು ಬಹಳವಾಗಿ, ಆ ಸಲ ಅಮಾವಾಸ್ಯೆಯ ಸೂಟಿಯೂ ಇರಲಿಲ್ಲ. ಉಡಚಪ್ಪ ಎಂದಿನಂತೆ ಬಂದು ಹೊರಸಿನ ಪಕ್ಕ ನೆಲದ ಮೇಲೆ ಕುಳಿತಿದ್ದ. ಗುಡಿಸಲಿನಿಂದ ರಸ್ತೆ ಕಾಣುತ್ತಿತ್ತು, ಜೋಳದ ಬೆಳೆಯ ಮರೆಗೆ ಗುಂಡು ಕಾಣುತ್ತಿರಲಿಲ್ಲ. ಸಣ್ಣಪ್ಪನ ಕೂಗು ಕೇಳಿಸಿತು, ದಪ್ಪಗೆ, ನಿಧಾನವಾಗಿ. ಹನ್ನೆರಡು ಜನರ “ಐಸಾ” ಒಂದೇ ದನಿಯಾಗಿ ಬಂತು. ಮತ್ತೆ ಕೂಗು, ಮತ್ತೆ “ಐಸಾ”.

ಆಮೇಲೆ ಎಲ್ಲ ನಿಶ್ಶಬ್ದವಾಯಿತು.

ಕನಕಪ್ಪನ ಕೈ ಹೊರಸಿನ ಚೌಕಟ್ಟನ್ನು ಹಿಡಿದುಕೊಂಡಿತು. ಉಡಚಪ್ಪ ತನಗೆ ತಿಳಿಯದೆ ಹೆಗಲ ಮೇಲಿನ ವಸ್ತ್ರದ ತುದಿಯನ್ನು ಬಾಯಿಗೆ ಹಿಡಿದಿದ್ದ. ಒಳಗೆ ತಿಪ್ಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಜೋಳದ ಗರಿಯ ಸಪ್ಪಳ ಬಿಟ್ಟರೆ ಬೇರೆ ಏನೂ ಇಲ್ಲ. ನಾಲ್ಕು ಉಸಿರು, ಐದು ಉಸಿರು ಆಗುವಷ್ಟು ಹೊತ್ತು. ಆಮೇಲೆ ಸಣ್ಣಪ್ಪನ ಕೂಗು ಬಂತು, ಗುಂಡು ಮುಂದಕ್ಕೆ ಉರುಳಿದ ಸಪ್ಪಳ ಬಂತು.

ಕನಕಪ್ಪ ಕೈ ಸಡಿಲಿಸಿದ. ರಸ್ತೆಯ ಕಡೆ ನೋಡುತ್ತಲೇ, ನಾಲ್ಕು ವರ್ಷದ ಮೇಲೆ ಮೊದಲನೆಯ ಮಾತು ಆಡಿದ.

“ಇಷ್ಟ ತಡದಿದ್ದರ ಸಾಕಿತ್ತು, ಉಡಚಾ.”

ಉಡಚಪ್ಪ ಬಾಯಿಂದ ವಸ್ತ್ರ ತೆಗೆದು ಹೌದು ಎಂದ. ಹೊತ್ತು ಇಳಿಯುವತನಕ ಇಬ್ಬರೂ ಆ ಏರಿನ ಕೂಗನ್ನೂ ಅದರ ನಡುವಿನ ಮೌನವನ್ನೂ ಕೇಳುತ್ತ ಕುಳಿತಿದ್ದರು. ಮುಂದಿನ ಅಮಾವಾಸ್ಯೆಗೂ ಉಡಚಪ್ಪ ಹೋದ, ನೆಲದ ಮೇಲೆಯೇ ಕುಳಿತ.